ವಕೀಲರು ‘ಕ್ಯಾಬಿನೆಟ್ ಸೆಕ್ರೆಟರಿ’ ಆಗುವುದು ಹೇಗೆ? (ಕೆನ್ಯಾ)

ಪ್ರಶ್ನೆ, ಡೊಂಬಿವಲಿಯಿಂದ:
ನಮಸ್ಕಾರ. ನಾನು ಎಲ್ಎಲ್‌ಬಿ ಎರಡನೇ ವರ್ಷ. ನಮ್ಮ ಮಾವ ನೈರೋಬಿಯಲ್ಲಿ ಅಂಗಡಿ ಇಟ್ಟಿದ್ದಾರೆ. ಮೊನ್ನೆ ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಪೇಪರಿನಲ್ಲಿ ಕಿಪ್ಚುಂಬಾ ಮುರ್ಕೊಮೆನ್ ಅವರ ಫೋಟೊ, ಕೆಳಗೆ ಕ್ಯಾಬಿನೆಟ್ ಸೆಕ್ರೆಟರಿ ಅಂತ ಇತ್ತು. ನಮ್ಮಲ್ಲಿ ಆ ಹುದ್ದೆ ಐಎಎಸ್‌ನವರದು ಅಲ್ವಾ? ಇವರು ವಕೀಲರಂತೆ, ಸೆನೆಟರ್ ಆಗಿದ್ದರಂತೆ. ಲೋಕಲ್‌ನಲ್ಲಿ ನಿಂತುಕೊಂಡೇ ಎರಡು ಸಲ ಓದಿದೆ, ತಲೆಗೆ ಹತ್ತಲಿಲ್ಲ.

ಉತ್ತರ, ಘಾಟ್ಕೋಪರ್‌ನಿಂದ:
ತಂಗಿ, ಹೆಸರು ಒಂದೇ, ಕೆಲಸ ಬೇರೆ. ಕೆನ್ಯಾದಲ್ಲಿ 2010ರ ಸಂವಿಧಾನ ಬಂದ ಮೇಲೆ ಮಂತ್ರಿಗಳನ್ನೇ ಹಾಗೆ ಕರೆಯುತ್ತಾರೆ. ನಾನು ಅಲ್ಲಿದ್ದಾಗ ಎಲ್ಲರ ಬಾಯಲ್ಲೂ ಬರೀ ‘ಸಿಎಸ್’. ಮುರ್ಕೊಮೆನ್ 1979ರಲ್ಲಿ ಹುಟ್ಟಿದವರು. ನೈರೋಬಿಯಲ್ಲಿ ಕಾನೂನು ಓದಿ, ಪ್ರಿಟೋರಿಯಾದಲ್ಲಿ ಎಲ್ಎಲ್‌ಎಂ ಮಾಡಿ, ಮೋಯಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 2013ರಲ್ಲಿ ಎಲ್ಗೆಯೊ ಮರಾಕ್ವೆಟ್ ಕೌಂಟಿಯ ಸೆನೆಟರ್, 2017ರಿಂದ 2020ರವರೆಗೆ ಸೆನೆಟ್‌ನಲ್ಲಿ ಬಹುಮತ ಪಕ್ಷದ ನಾಯಕ. ಪಕ್ಷದೊಳಗಿನ ಜಗಳದಲ್ಲಿ ಆ ಸ್ಥಾನ ಹೋಯಿತು. 2022ರ ಆಗಸ್ಟ್‌ನಲ್ಲಿ ಮತ್ತೆ ಗೆದ್ದರು, ಎರಡೇ ತಿಂಗಳಲ್ಲಿ ರಸ್ತೆ, ಸಾರಿಗೆ ಖಾತೆಯ ಸಿಎಸ್ ಆದರು.

ಉತ್ತರ, ಫೋರ್ಟ್‌ನಿಂದ (ವಕೀಲ):
ನೀವು ಪರೀಕ್ಷೆಗೆ ಓದುವವರು, ಅದಕ್ಕೆ ಹೇಳುತ್ತೇನೆ, ನಿಜವಾದ ವಿಷಯ ಇರುವುದು ಆ ಎರಡು ತಿಂಗಳಲ್ಲಿ. ನಮ್ಮ 75(5)ನೇ ವಿಧಿ ನೋಡಿ: ಮಂತ್ರಿಯಾದವರು ಆರು ತಿಂಗಳೊಳಗೆ ಸಂಸತ್ತಿನ ಸದಸ್ಯರಾಗಲೇಬೇಕು. ಕೆನ್ಯಾದ 152(3) ಪೂರ್ತಿ ಉಲ್ಟಾ, ಸಂಸತ್ತಿನ ಸದಸ್ಯರು ಸಿಎಸ್ ಆಗುವ ಹಾಗೇ ಇಲ್ಲ. ಹಾಗಾಗಿ ಮುರ್ಕೊಮೆನ್ ಸೀಟು ಬಿಟ್ಟರು, ಅಲ್ಲಿ 2023ರ ಜನವರಿಯಲ್ಲಿ ಉಪಚುನಾವಣೆ ಆಯಿತು. ಅಧ್ಯಕ್ಷರು ಹೆಸರಿಸಿದವರನ್ನು ನ್ಯಾಷನಲ್ ಅಸೆಂಬ್ಲಿ (ಅಲ್ಲಿನ ಸಂಸತ್ತಿನ ಕೆಳಮನೆ) ಕೂರಿಸಿಕೊಂಡು ಪ್ರಶ್ನೆ ಕೇಳಿ ಒಪ್ಪಬೇಕು. ಈ ಪದ್ಧತಿ ನನಗೆ ಇಷ್ಟ. ಆದರೆ ಆಗಷ್ಟೇ ಸಾಲಿನಲ್ಲಿ ನಿಂತು ಓಟು ಹಾಕಿದ ಜನರ ಬಗ್ಗೆ ಬೇಜಾರೂ ಆಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಈಗ ತಿಳಿಯಿತು. ಹಾಗಾದರೆ ಸೀಟೂ ಇಲ್ಲ, ಅಧ್ಯಕ್ಷರು ತೆಗೆದರೆ ಮನೆಗೇನಾ?

ಉತ್ತರ, ಘಾಟ್ಕೋಪರ್‌ನಿಂದ:
ಹೌದಮ್ಮ, ಅದೇ ಆಗಿದ್ದು. 2024ರ ಜೂನ್‌ನಲ್ಲಿ ತೆರಿಗೆ ಮಸೂದೆ ವಿರುದ್ಧ ಹುಡುಗರು ಬೀದಿಗಿಳಿದರು. ಜುಲೈ 11ಕ್ಕೆ ಅಧ್ಯಕ್ಷ ರೂಟೊ ಹೆಚ್ಚುಕಡಿಮೆ ಇಡೀ ಸಂಪುಟವನ್ನೇ ತೆಗೆದುಹಾಕಿದರು, ಇವರೂ ಹೋದರು. ಆಗಸ್ಟ್‌ನಲ್ಲಿ ಯುವಜನ, ಕ್ರೀಡೆ ಖಾತೆಗೆ ವಾಪಸ್ ಬಂದರು, ಆಮೇಲೆ ಗೃಹ ಖಾತೆ. ಆ ಕುರ್ಚಿಯಲ್ಲಿ ಮೊದಲಿದ್ದ ಕಿಂಡಿಕಿ ಉಪಾಧ್ಯಕ್ಷರಾಗಿದ್ದರು. ಅವರೂ ಪ್ರಿಟೋರಿಯಾದಲ್ಲಿ ಓದಿದ ಕಾನೂನು ಮೇಷ್ಟ್ರು, ಮಾಜಿ ಸೆನೆಟರ್!