ಅಪ್‌ಡೇಟ್: ತೊಡೆಸಂದಿಯ ಗಂಟು ಮತ್ತು ಅವ್ವನ ಕ್ಯಾನ್ಸರ್‌ನ ಹಂತ

ಅವ್ವನಿಗೆ ಗುದದ್ವಾರದ ಕ್ಯಾನ್ಸರ್ ಇದೆಯೆಂದು ಬಯಾಪ್ಸಿಯಲ್ಲಿ ತಿಳಿದ ಮೇಲೆ, ತೊಡೆಸಂದಿಯಲ್ಲಿ ಗಂಟೂ ಕಾಣಿಸಿದ್ದರಿಂದ ಇದು ನಾಲ್ಕನೇ ಹಂತವೇ ಎಂದು ಕಳೆದ ತಿಂಗಳು ದಾವಣಗೆರೆಯಿಂದ ಕೇಳಿದ್ದೆ. ಅಲ್ಲವೆಂದು ಈಗ ಖಚಿತವಾಗಿದೆ.

ಎಂಆರ್‌ಐ ಮತ್ತು ಪೆಟ್-ಸಿಟಿ ವರದಿಗಳನ್ನು ಮುಂದಿಟ್ಟುಕೊಂಡು ವೈದ್ಯರು ವಿವರಿಸಿದಂತೆ, ಹಂತವನ್ನು ನಿರ್ಧರಿಸಲು ಬಳಸುವ ಅಕ್ಷರಗಳಲ್ಲಿ ‘ಟಿ’ ಎಂಬುದು ಗಡ್ಡೆಯ ಅಳತೆ, ‘ಎನ್’ ಹತ್ತಿರದ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಸ್ಥಿತಿ, ‘ಎಂ’ ದೂರದ ಹರಡುವಿಕೆ. ಗುದದ್ವಾರದ ಕೆಳಭಾಗದ ದುಗ್ಧರಸವು ಸಹಜವಾಗಿಯೇ ತೊಡೆಸಂದಿಯ ಗ್ರಂಥಿಗಳಿಗೆ ಹರಿಯುವುದರಿಂದ, ಅಲ್ಲಿ ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣಗಳು ಸಿಕ್ಕರೂ ಅದನ್ನು ಹತ್ತಿರದ ಹರಡುವಿಕೆಯೆಂದೇ ಎಣಿಸುತ್ತಾರೆ. ಯಕೃತ್ತು, ಶ್ವಾಸಕೋಶ ಮೊದಲಾದ ದೂರದ ಭಾಗಗಳನ್ನು ತಲುಪಿದಾಗ ಅದು ನಾಲ್ಕನೇ ಹಂತವಾಗುತ್ತದೆ. ಅವ್ವನ ಗಡ್ಡೆ 3.5 ಸೆಂಟಿಮೀಟರ್, ಅಂದರೆ 2ಕ್ಕಿಂತ ಹೆಚ್ಚು, 5ರೊಳಗಿನ ‘ಟಿ2’. ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ. ಯಕೃತ್ತು, ಶ್ವಾಸಕೋಶಗಳಲ್ಲಿ ಏನೂ ಇಲ್ಲ.

ಮೂಲವ್ಯಾಧಿಯೆಂದು ನಂಬಿ ಆರು ತಿಂಗಳು ಮುಲಾಮಿನಲ್ಲೇ ಕಳೆದದ್ದು, ಅವ್ವ ನಾಚಿಕೆಯಿಂದ ರಕ್ತಸ್ರಾವದ ಮಾತನ್ನೇ ಎತ್ತದಿದ್ದದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಮೊದಲಿಗೆ ಶಸ್ತ್ರಚಿಕಿತ್ಸೆಯಿಲ್ಲ, ಸುಮಾರು ಆರು ವಾರಗಳ ವಿಕಿರಣದ ಜೊತೆಗೆ ಮೈಟೊಮೈಸಿನ್ ಮತ್ತು ಫ್ಲೂರೋಯುರಾಸಿಲ್ ಎಂಬ ಕೀಮೋ ಔಷಧಿಗಳನ್ನು ಕೊಡುತ್ತಾರೆ. ಗಡ್ಡೆ ನಿಧಾನವಾಗಿ ಕರಗುವುದರಿಂದ, ಪೂರ್ಣ ಫಲಿತಾಂಶ ತಿಳಿಯಲು ಚಿಕಿತ್ಸೆ ಆರಂಭವಾದಂದಿನಿಂದ 26 ವಾರಗಳವರೆಗೂ ಕಾಯಬೇಕಾಗಬಹುದು ಎಂದಿದ್ದಾರೆ. ಸೋಮವಾರ ಮೊದಲ ವಿಕಿರಣ.