ಪದಚರ್ಚೆ: ನೋಟರಿ, ಅಟೆಸ್ಟೇಷನ್, ಅಪೊಸ್ಟಿಲ್ – ಬೋರ್ಡಿಗೆ ಮೂರು ಬೇರೆ ಬೇರೆ ಪದ ಬೇಕು (ತುರ್ತು)

ಕಡಲೂರಿನವಳು:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಹಂಪನಕಟ್ಟೆ ಹತ್ತಿರ ನಮ್ಮ ಭಾವ ಒಂದು ಸಣ್ಣ ಆಫೀಸು ತೆರೆಯುತ್ತಿದ್ದಾರೆ. ದುಬೈ, ದೋಹಾ, ಮಸ್ಕತ್ತಿನಲ್ಲಿರುವವರ ಕಾಗದಪತ್ರದ ಕೆಲಸ: ಮದುವೆ ಸರ್ಟಿಫಿಕೇಟು, ಡಿಗ್ರಿ, ಊರಿನ ಜಾಗ ಮಾರಲು ಪವರ್ ಆಫ್ ಅಟಾರ್ನಿ, ಅಲ್ಲಿ ಬ್ರಾಂಚು ತೆರೆಯುವ ಕಂಪನಿಗಳ ಬೋರ್ಡ್ ರೆಸಲ್ಯೂಷನ್ನು (ಆಡಳಿತ ಮಂಡಳಿಯ ನಿರ್ಣಯ), ಇಂಥವು. ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕಲ್ಲ, ಆ ಭಾಗ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಇಂಗ್ಲಿಷಿನಲ್ಲಿ ಮೂರು ಸಾಲು: ನೋಟರೈಸೇಷನ್, ಅಟೆಸ್ಟೇಷನ್, ಅಪೊಸ್ಟಿಲ್. ಮೂರೂ ಕಾಗದದ ಮೇಲಿನ ಸಹಿ ಅಸಲಿ ಎಂದು ಮುದ್ರೆ ಹಾಕಿಸುವ ಕೆಲಸಗಳು. ಮೊದಲೆರಡಕ್ಕೂ ಸುತ್ತಿ ಬಳಸಿ ‘ದೃಢೀಕರಣ’ ಎಂದೇ ಸಿಗುತ್ತಿದೆ, ಮೂರನೆಯದು ನನ್ನ ಬಳಿ ಇರುವ ನಿಘಂಟಿನಲ್ಲಿ ಇಲ್ಲವೇ ಇಲ್ಲ. ಒಂದೇ ಬೋರ್ಡಿನಲ್ಲಿ ಮೂರು ಸಲ ದೃಢೀಕರಣ ಎಂದು ಬರೆಸಿದರೆ ಓದಿದವರು ನಗುತ್ತಾರೆ. ಬೋರ್ಡ್ ಮಾಡುವವರಿಗೆ ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಬೇಕು.

ನಿವೃತ್ತ ಶಿರಸ್ತೇದಾರ:

ದೃಢೀಕರಣ ಸಾಕು. ಜೆರಾಕ್ಸ್ ಪ್ರತಿಯ ಮೇಲೆ ಗೆಜೆಟೆಡ್ ಅಧಿಕಾರಿ ಹಾಕುವುದಕ್ಕೆ ‘ದೃಢೀಕೃತ ನಕಲು’ ಎಂದು ಬರೆಯುತ್ತ ಬಂದಿದ್ದೇವೆ, ಯಾರೂ ನಕ್ಕಿಲ್ಲ. ನೋಟರಿ ದೃಢೀಕರಣ, ಇಲಾಖಾ ದೃಢೀಕರಣ, ರಾಯಭಾರ ದೃಢೀಕರಣ. ಹಿಂದೆ ಒಂದು ವಿಶೇಷಣ ಸೇರಿಸಿ ಮುಗಿಸಿ.

ಅಚ್ಚಗನ್ನಡಿಗ:

‘ದ್ರುಡೀಕರಣ’ ಕಡತದಲ್ಲಿ ಮಾತ್ರ ಉಸಿರಾಡುವ ಪದ. ಮಗನ ಕಾಗದ ಹಿಡಿದು ಬರುವ ತಾಯಿಯ ಬಾಯಲ್ಲಿ ಅದು ಹೊರಳುವುದಿಲ್ಲ. ಕನ್ನಡದಲ್ಲೇ ‘ಒಪ್ಪ’ ಇದೆ. ಹಳೆಯ ಕಲ್ಬರಹಗಳ ಕೊನೆಯಲ್ಲಿ ಒಪ್ಪ ಎಂದರೆ ಸಹಿ. ತಮಿಳಿನವರಿಗೆ ಕೈಯೊಪ್ಪಂ, ಮಲೆಯಾಳಿಗಳಿಗೆ ಒಪ್ಪ್ ಇವತ್ತಿಗೂ ಬಳಕೆಯಲ್ಲಿದೆ, ನಾವೊಬ್ಬರೇ ಮರೆತು ಕೂತಿದ್ದೇವೆ. ನೋಟರಿಗೆ ಒಪ್ಪಿಗ, ಅಟೆಸ್ಟೇಶನ್ನಿಗೆ ಮರುವೊಪ್ಪ, ಅಪೊಸ್ಟಿಲ್‌ಗೆ ಹೊರನಾಡೊಪ್ಪ. ಮೂರೂ ಸಿಕ್ಕಿತಲ್ಲ.

ನಿವೃತ್ತ ಶಿರಸ್ತೇದಾರ:

ಹೊರನಾಡೊಪ್ಪ ಅಂದರೆ ಹೊರನಾಡಿನ ಅನ್ನಪೂರ್ಣೇಶ್ವರಿ ಪ್ರಸಾದವೋ ಅಂದುಕೊಂಡಾರು. ಬೇಡ.

ಶಾಸನಪ್ರಿಯ:

‘ಒಪ್ಪ’ದ ಬಗ್ಗೆ ಅಚ್ಚಗನ್ನಡಿಗರು ಹೇಳಿದ್ದು ಸರಿ, ಹೊಂದಿಸಿದ ಜಾಗ ತಪ್ಪು. ವಿಜಯನಗರದ ತಾಮ್ರಪಟಗಳನ್ನು ನೋಡಿ. ಉದ್ದಕ್ಕೂ ನಾಗರಿಯಲ್ಲಿ ಸಂಸ್ಕೃತ ಕೊರೆದಿರುತ್ತದೆ, ಕೊನೆಯಲ್ಲಿ ಮಾತ್ರ ದಪ್ಪ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’. ಅದು ದಾನ ಕೊಟ್ಟ ದೊರೆಯ ಅಂಕಿತ. ಅಂದರೆ ಒಪ್ಪ ಹಾಕುವವನು ಆ ಪತ್ರಕ್ಕೆ ಕಟ್ಟುಬಿದ್ದವನು. ನೋಟರಿ ಯಾವುದಕ್ಕೂ ಕಟ್ಟುಬೀಳುವುದಿಲ್ಲ. ‘ಇವನು ನನ್ನೆದುರು ಸಹಿ ಹಾಕಿದ’ ಎನ್ನುತ್ತಾನೆ, ಅಷ್ಟೆ. ಅವನನ್ನು ಒಪ್ಪಿಗ ಎಂದರೆ ಪತ್ರದಲ್ಲಿರುವುದನ್ನೆಲ್ಲ ಅವನು ಒಪ್ಪಿಕೊಂಡ ಹಾಗಾಯಿತು. ಜನ ಈಗಲೇ ಹಾಗೆ ತಿಳಿದು ಮೋಸಹೋಗುತ್ತಿದ್ದಾರೆ, ಪದವೂ ಅದಕ್ಕೆ ಕೈ ಜೋಡಿಸುವುದು ಬೇಡ.

ಹಳೆಯ ಪದವೇ ಬೇಕೆಂದರೆ ಸೇನಬೋವ ಇದ್ದಾನೆ, ನಮ್ಮ ಶಾನುಭೋಗರ ಮೂಲಪುರುಷ. ಲ್ಯಾಟಿನ್ನಿನ ನೋಟಾರಿಯುಸ್ ಕೂಡ ಮೊದಲಿಗೆ ಬರೆಯುವವನೇ. ನೋಟಾ ಎಂದರೆ ಗುರುತು, ಶೀಘ್ರಲಿಪಿಯ ಚಿಹ್ನೆ. ರೋಮಿನ ವಾಗ್ಮಿ ಸಿಸೆರೊನ ಮಾತನ್ನು ಬರೆದುಕೊಳ್ಳುತ್ತಿದ್ದ ಟಿರೋನ ಹೆಸರಿನಲ್ಲಿ ಇಂಥ ಚಿಹ್ನೆಗಳೇ ಇವೆ. ನಮ್ಮ ಹಳೇ ಕ್ರಯಪತ್ರಗಳ ಅಡಿಯಲ್ಲಿ ‘ಬಿಕ್ಕಲಂ’ ಎಂದು ಬರೆದವನ ಹೆಸರು ಇರುತ್ತಿತ್ತಲ್ಲ, ನೋಟರಿಯೂ ಅದೇ ವರ್ಗದವನು.

ದೇರಾ ಟೈಪಿಸ್ಟ್:

ಮಾರಾಯ್ರೇ, ಟಿರೋ ಆಮೇಲೆ. ನಾನಿಲ್ಲಿ ದುಬೈಯ ದೇರಾದಲ್ಲಿ ಟೈಪಿಂಗ್ ಸೆಂಟರಿನಲ್ಲಿ ಕೂತವ. ಅಕ್ಕನಿಗೆ ಒಂದು ಮಾತು ಹೇಳ್ಲೇಬೇಕು. ಈ ಮೂರು ಒಂದೇ ಕೆಲಸದ ಮೂರು ಹೆಸರಲ್ಲ. ಬೋರ್ಡಿನಲ್ಲಿ ಕಲಸಿಬಿಟ್ಟರೆ ಪಾರ್ಟಿಯ ದುಡ್ಡು ಹೋಗ್ತದೆ.

ಅಪೊಸ್ಟಿಲ್ ಎಂಬುದು 1961ರ ಹೇಗ್ ಒಪ್ಪಂದದ ಪ್ರಕಾರ ಹೊರದೇಶಕ್ಕೆ ಹೋಗುವ ಕಾಗದಕ್ಕೆ ಹಚ್ಚುವ ಪ್ರಮಾಣಪತ್ರ. ಆ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2005ರಲ್ಲಿ. ದೆಹಲಿಯ ವಿದೇಶಾಂಗ ಸಚಿವಾಲಯ ಕೊಡುವುದು. ಎರಡೂ ದೇಶ ಆ ಒಪ್ಪಂದದಲ್ಲಿದ್ದರೆ ಮಾತ್ರ ಅದೊಂದರಲ್ಲಿ ಮುಗೀತದೆ. ಒಮಾನ್ ಉಂಟು, ಬಹರೈನ್ ಉಂಟು, ಸೌದಿ 2022ರಲ್ಲಿ ಸೇರಿತು. ಯುಎಇ ಇಲ್ಲ, ಕತಾರ್ ಇಲ್ಲ. ದುಬೈಗೆ ಬರುವ ಕಾಗದಕ್ಕೆ ರಾಜ್ಯದ ಗೃಹ ಇಲಾಖೆ, ಇಲ್ಲ ಶಿಕ್ಷಣ ಇಲಾಖೆ, ವ್ಯಾಪಾರದ್ದಾದರೆ ಚೇಂಬರ್ ಆಫ್ ಕಾಮರ್ಸ್. ಆಮೇಲೆ ದೆಹಲಿ, ಆಮೇಲೆ ಯುಎಇ ರಾಯಭಾರ ಕಚೇರಿ, ಕಡೆಗೆ ಇಲ್ಲಿಯ ವಿದೇಶಾಂಗ ಸಚಿವಾಲಯದ ಮೊಹರು. ಇದಕ್ಕೆ ನಾವು ‘ಎಂಬಸಿ ಅಟೆಸ್ಟೇಷನ್’ ಅಂತೇವೆ. ಮೊಹರಿನ ಮೇಲೆ ಮೊಹರು, ಹಿಂದಿನವನ ಸಹಿ ಖರೆ ಅಂತ ಮುಂದಿನವ ಹೇಳುವುದು. ಊರಲ್ಲಿ ನೋಟರಿ ಮಾಡಿಸಿ ಅಷ್ಟನ್ನೇ ಹಿಡ್ಕೊಂಡು ಇಲ್ಲಿಗೆ ಬಂದು, ಕಂಪನಿ ಲೈಸೆನ್ಸ್ ಕೌಂಟರಿನಲ್ಲಿ ಮುಖ ಬಾಡಿಸಿಕೊಂಡು ನಿಲ್ಲುವವರನ್ನು ದಿನಾ ನೋಡ್ತೇನೆ.

ಇನ್ನೊಂದು ತಮಾಷೆ. ಇಲ್ಲಿ ನೋಟರಿಗೆ ಅರಬ್ಬಿಯಲ್ಲಿ ‘ಕಾತಿಬ್ ಅಲ್ ಅದ್ಲ್’, ನ್ಯಾಯದ ಬರಹಗಾರ. ಶಾಸನಪ್ರಿಯರ ಸೇನಬೋವನಿಗೆ ಇಲ್ಲೂ ನೆಂಟರು ಉಂಟು.

ನಿವೃತ್ತ ಶಿರಸ್ತೇದಾರ:

ದೇರಾದವರು ಕೆಲಸದ ಮಾತು ಆಡಿದರು. ಹಾಗಿದ್ದರೆ ಕಾಯಿದೆಯನ್ನೇ ನೋಡೋಣ. 1952ರ ನೋಟರಿ ಅಧಿನಿಯಮದ 8ನೇ ಕಲಂ ವೆರಿಫೈ, ಅಥೆಂಟಿಕೇಟ್, ಸರ್ಟಿಫೈ, ಅಟೆಸ್ಟ್ ಎಂದು ನಾಲ್ಕು ಕ್ರಿಯಾಪದ ಸಾಲಾಗಿ ಇಡುತ್ತದೆ. ಕನ್ನಡದಲ್ಲಿ ತಾಳೆ ನೋಡು, ಅಧಿಪ್ರಮಾಣಿಸು, ಪ್ರಮಾಣೀಕರಿಸು, ಸಾಕ್ಷೀಕರಿಸು. ನಾಲ್ಕೂ ನೋಟರಿಯ ಕೆಲಸವೇ. ಆದ್ದರಿಂದ ‘ನೋಟರೈಸೇಷನ್’ಗೆ ಒಂದೇ ಭಾವನಾಮ ಹುಡುಕುವುದೇ ವ್ಯರ್ಥ.

ಕಣ್ಣಿಗೆ ಕಾಣುವ ವ್ಯತ್ಯಾಸವೂ ಇದೆ. ನೋಟರಿಯ ಮುದ್ರೆ ದುಂಡಗೆ, ನಿಯಮದ ಪ್ರಕಾರ 5 ಸೆಂಟಿಮೀಟರ್ ವ್ಯಾಸ. ಒಳಗೆ ಅವರ ಹೆಸರು, ನೇಮಕವಾದ ಪ್ರದೇಶ, ನೋಂದಣಿ ಸಂಖ್ಯೆ. ಅಪೊಸ್ಟಿಲ್ ಚೌಕ, ಒಂದು ಬದಿ ಕನಿಷ್ಠ 9 ಸೆಂಟಿಮೀಟರ್ ಇರಬೇಕೆಂದು ಆ ಒಪ್ಪಂದವೇ ಹೇಳುತ್ತದೆ, ಹತ್ತು ಅಂಶ ತುಂಬಬೇಕು. ಅದರ ತಲೆಬರಹವನ್ನು ಯಾವ ದೇಶ ಕೊಟ್ಟರೂ ಫ್ರೆಂಚಿನಲ್ಲೇ ಬರೆಯಬೇಕು. ಅನುವಾದಿಸಬಾರದ ಪದವನ್ನು ಅನುವಾದಿಸಲು ಹೊರಟಿದ್ದೇವೆ.

ಶಾಸನಪ್ರಿಯ:

ಫ್ರೆಂಚಿನ ಅಪೊಸ್ಟಿಲ್ ಎಂದರೆ ಮೂಲದಲ್ಲಿ ಅಂಚಿನ ಟಿಪ್ಪಣಿ. ಲ್ಯಾಟಿನ್ನಿನ ‘ಪೋಸ್ಟ್ ಇಲ್ಲಾ’, ‘ಆ ಮಾತುಗಳಾದ ಮೇಲೆ’ ಎಂಬುದರಿಂದ ಬಂತೆನ್ನುತ್ತಾರೆ. ಕನ್ನಡದಲ್ಲಿ ‘ಹಿಂಬರಹ’ ಎಷ್ಟು ಸೊಗಸಾಗಿ ಕೂರುತ್ತದೆ!

ನಿವೃತ್ತ ಶಿರಸ್ತೇದಾರ:

ಹಿಂಬರಹ ಎಂದರೆ ಅರ್ಜಿ ತಿರಸ್ಕರಿಸಿ ಕಚೇರಿ ಕೊಡುವ ಉತ್ತರ. ಬೋರ್ಡಿನಲ್ಲಿ ಹಾಕಿದರೆ ಗಿರಾಕಿ ಬಾಗಿಲಿನಿಂದಲೇ ವಾಪಸ್. ಬಂದವರು ರುಜು ಹಾಕಿ, ನೋಟರಿ ತಮ್ಮ ರಿಜಿಸ್ಟರಿನಲ್ಲೂ ರುಜು ಪಡೆದು ಮುದ್ರೆ ಒತ್ತುತ್ತಾರೆ. ಈ ‘ರುಜು’ ಎಂಬ ಚೊಕ್ಕ ಕನ್ನಡವನ್ನೇ ಬೆಳೆಸಬಾರದೇಕೆ? ಋಜುವಿನ ತದ್ಭವ. ನೆಟ್ಟಗಿರುವುದು, ಪ್ರಾಮಾಣಿಕವಾದದ್ದು.

ಶಾಸನಪ್ರಿಯ:

ತದ್ಭವವಲ್ಲ. ಮರಾಠಿ ದಫ್ತರಗಳ ‘ರುಜೂ’, ಅದರ ಹಿಂದೆ ಅರಬ್ಬಿಯ ‘ರುಜೂಅ್’. ರುಜುವಾತು ಅದೇ ಮನೆಯದು. ಋಜುವಿನಿಂದ ‘ರುಜುವಾತು’ ಹೇಗೆ ಸಾಧಿಸುತ್ತೀರಿ? ಯಾವ ಪ್ರತ್ಯಯ ಅದು?

ನಿವೃತ್ತ ಶಿರಸ್ತೇದಾರ:

ಧ್ವನಿ ಒಂದೇ ಇದ್ದ ಮಾತ್ರಕ್ಕೆ ಎಲ್ಲವನ್ನೂ ಅರಬ್ಬಿಗೆ ಕಟ್ಟಬೇಡಿ.

ದೇರಾ ಟೈಪಿಸ್ಟ್:

ಶಿರಸ್ತೇದಾರ್ ಸಾರ್, ಬೇಸರ ಮಾಡ್ಕೊಳ್ಬೇಡಿ, ನಿಮ್ಮ ಹುದ್ದೆಯ ಹೆಸರೇ ಫಾರಸಿಯದ್ದಲ್ಲವಾ? ಊರಲ್ಲಿ ವಕೀಲರಿಗೆ ಕೊಡುವ ವಕಾಲತ್ತು ಉಂಟಲ್ಲ, ಇಲ್ಲಿ ಪವರ್ ಆಫ್ ಅಟಾರ್ನಿಗೆ ‘ವಕಾಲಾ’ ಅಂತಲೇ ಹೇಳುವುದು. ಬಂಟ್ವಾಳದ ಒಬ್ಬರು ಅಂಗಡಿ ನೋಡಿಕೊಳ್ಳುವ ಅಧಿಕಾರ ತಮ್ಮನಿಗೆ ಬರೆದುಕೊಡುವಾಗ ಅರಬ್ಬಿ ಪ್ರತಿಯನ್ನು ಓದಿಸಿ ಕೇಳಿ, ‘ಓ, ವಕಾಲತ್ತು’ ಅಂತ ನಕ್ಕರು. ಇಂಗ್ಲಿಷ್ ಕಾಲಂನಲ್ಲಿ ಅವರಿಗೆ ಎಂತದ್ದೂ ಅರ್ಥ ಆಗಿರಲಿಲ್ಲ.

ಅಚ್ಚಗನ್ನಡಿಗ:

ನೋಡಿ, ಸಂಸ್ಕ್ರುತ ಬೇಡ ಎಂದರೆ ಅರಬ್ಬಿ ತರುತ್ತೀರಿ, ಅರಬ್ಬಿ ಬೇಡ ಎಂದರೆ ಪ್ರೆಂಚು. ಒಪ್ಪಿಗ ಬೇಡವಾದರೆ ‘ನೋಟಗಾರ’ ತೆಗೆದುಕೊಳ್ಳಿ. ನಾಣ್ಯ ಕೈಯಲ್ಲಿ ಹಿಡಿದು ಇದು ಕೋಟಾ, ಸಾಚಾ ಎಂದು ಹೇಳುತ್ತಿದ್ದವನಿಗೆ ನೋಟಗಾರ ಎನ್ನುತ್ತಿದ್ದರು. ಕೆಲಸವೂ ಕೂಡುತ್ತದೆ, ಉಲಿಯೂ ‘ನೋಟರಿ’ಗೆ ಹತ್ತಿರ.

ಶಾಸನಪ್ರಿಯ:

ಇದು ನಿಜಕ್ಕೂ ಒಳ್ಳೆಯ ಪದ, ಸತ್ತುಹೋಗಿರುವುದೊಂದೇ ದೋಷ. ಅಂದಹಾಗೆ ‘ಸಾಚಾ’ ಎಲ್ಲಿಯದು?

ಅಚ್ಚಗನ್ನಡಿಗ:

ಮಾತು ತಿರುಗಿಸಬೇಡಿ. ಬಳಸಿದರೆ ಸತ್ತ ಪದವೂ ಏಳುತ್ತದೆ. ಬೋರ್ಡಿನಲ್ಲಿ ಶೇ 60 ಕನ್ನಡ ಎಂದು ಕಟ್ಟಳೆ ಮಾಡಿದ್ದು ಯಾಕೆ? ಇಂಗ್ಲಿಶ್ ಪದಕ್ಕೆ ಕನ್ನಡ ಲಿಪಿ ತೊಡಿಸಿ ನಿಲ್ಲಿಸಲಿಕ್ಕೋ? ‘ನೋಟರಿ, ಅಟೆಸ್ಟೇಶನ್, ಅಪೊಸ್ಟಿಲ್’ ಎಂದು ಕನ್ನಡದಲ್ಲಿ ಬರೆದರೆ ಅದು ಕನ್ನಡವಾಯಿತೇ?

ನಿವೃತ್ತ ಶಿರಸ್ತೇದಾರ:

ಬಸ್ಸು, ಬ್ಯಾಂಕು, ಕೋರ್ಟು ಆದ ಹಾಗೇ ನೋಟರಿಯೂ ಆಯಿತು. ಸ್ವರಾಂತ, ನಾಲ್ಕನೇ ವಿಭಕ್ತಿ ಹಚ್ಚಿದರೆ ನೋಟರಿಗೆ, ಎಲ್ಲೂ ತೊಡರುವುದಿಲ್ಲ. ತೊಡರುವುದು ಅಟೆಸ್ಟೇಷನ್ ಒಂದೇ, ಅದಕ್ಕೆ ದೃಢೀಕರಣ ಇದೆ ಎಂದು ಮೊದಲೇ ಹೇಳಿದೆ.

ಕಡಲೂರಿನವಳು:

ಎಲ್ಲರಿಗೂ ಧನ್ಯವಾದ. ಭಾವನ ಹತ್ತಿರ ಮಾತಾಡಿದೆ. ಹೀಗೆ ಬರೆಸುತ್ತಿದ್ದೇನೆ:

ನೋಟರಿ ಮಾಡಿಕೊಡಲಾಗುವುದು
ಇಲಾಖೆ ಮತ್ತು ರಾಯಭಾರ ಕಚೇರಿ ದೃಢೀಕರಣ
ಅಪೊಸ್ಟಿಲ್ (ಒಮಾನ್, ಬಹರೈನ್, ಸೌದಿ)

‘ಒಪ್ಪ’ ನನಗೂ ಇಷ್ಟವಾಯಿತು. ಆದರೆ ಕೌಂಟರಿನಲ್ಲಿ ಕೂರುವ ಹುಡುಗ ‘ಒಪ್ಪ ಅಂದ್ರೆ ಎಂತ’ ಎಂದು ನನ್ನನ್ನೇ ಕೇಳಿದ.

ನಿವೃತ್ತ ಶಿರಸ್ತೇದಾರ:

ಮೊದಲ ಸಾಲು ತಿದ್ದಿ. ನಿಮ್ಮ ಭಾವ ನೋಟರಿಯೇ?

ಕಡಲೂರಿನವಳು:

ಅಲ್ಲ ಸಾರ್. ಪಕ್ಕದ ಕಟ್ಟಡದಲ್ಲಿ ಒಬ್ಬ ನೋಟರಿ ಇದ್ದಾರೆ, ಅವರಲ್ಲಿಗೆ ಕರೆದುಕೊಂಡು ಹೋಗುವುದು.

ನಿವೃತ್ತ ಶಿರಸ್ತೇದಾರ:

ಹಾಗಾದರೆ ‘ಮಾಡಿಕೊಡಲಾಗುವುದು’ ಎಂದರೆ ಆಪತ್ತು, ತಾವೇ ನೋಟರಿ ಎಂದು ಸಾರಿದ ಹಾಗೆ. ‘ಮಾಡಿಸಿಕೊಡಲಾಗುವುದು’. ಮೂಲ ಪದ ಯಾವ ದೇಶದ್ದೆಂದು ಇಲ್ಲಿ ಇಷ್ಟು ಹೊತ್ತು ಜಗಳವಾಯಿತು. ಕಾನೂನು ಕೇಳುವುದು ಆ ‘-ಇಸು’ ಪ್ರತ್ಯಯವನ್ನು. ಮತ್ತು ಸಹಿ ಹಾಕುವವರು ಖುದ್ದಾಗಿ ಹೋಗಬೇಕು. ಕಾಗದ ಮಾತ್ರ ಕಳಿಸಿ ಮುದ್ರೆ ಹಾಕಿಸಿ ತರುವ ದಂಧೆಗೆ ಭಾವ ಇಳಿಯದಿರಲಿ.

ಅಚ್ಚಗನ್ನಡಿಗ:

ಮೂರು ಸಾಲಿನಲ್ಲಿ ಕನ್ನಡವಾಗಿ ಉಳಿದದ್ದು ಆ ಕ್ರಿಯಾಪದ ಒಂದೇ. ನನ್ನ ವಿರೋದ ದಾಕಲಾಗಲಿ.

ಶಾಸನಪ್ರಿಯ:

‘ದಾಖಲು’ ಅರಬ್ಬಿ.

ದೇರಾ ಟೈಪಿಸ್ಟ್:

ಅಕ್ಕ, ನಾಲ್ಕನೇ ಸಾಲಿಗೆ ಜಾಗ ಉಂಟಾ? ಇಲ್ಲಿಯ ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರಿಯ ಎದುರು ಸಹಿ ಹಾಕಿ ಊರಿಗೆ ಕಳಿಸಿದ ಪವರ್ ಆಫ್ ಅಟಾರ್ನಿಗೆ, ಅದು ಅಲ್ಲಿ ತಲುಪಿ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟಾಂಪ್ ಕಟ್ಟಿಸಬೇಕು. ಅದೇ ‘ಅಡ್ಜುಡಿಕೇಷನ್’. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಕಾಗದ ಮನೆಯ ಕಪಾಟಿನಲ್ಲಿ ಮಲಗಿರ್ತದೆ, ಜಾಗದ ಪಾರ್ಟಿ ಸಿಕ್ಕಿದ ಮೇಲೆ ಹೊರಗೆ ತೆಗೀತಾರೆ. ಇದಕ್ಕೆ ಕನ್ನಡದಲ್ಲಿ ಎಂತ?

ನಿವೃತ್ತ ಶಿರಸ್ತೇದಾರ:

ಮುದ್ರಾಂಕ ಶುಲ್ಕ ನಿರ್ಣಯ. ಬೋರ್ಡಿಗೆ ಉದ್ದವಾದರೆ ‘ವಿದೇಶದ ಪವರ್ ಆಫ್ ಅಟಾರ್ನಿಗೆ ಸ್ಟಾಂಪು’ ಎಂದು ಹಾಕಿಸಿ.

ಅಚ್ಚಗನ್ನಡಿಗ:

‘ಮುದ್ರಾಂಕ’ದ ಬಗ್ಗೆ ನನಗೆ ಹೇಳುವುದಿದೆ.

ಕಡಲೂರಿನವಳು:

ಬೋರ್ಡ್ ಪ್ರಿಂಟಿಗೆ ಹೋಯಿತು. ನಾಲ್ಕನೇ ಸಾಲು ಸೇರಿಸಿದ್ದೇನೆ, ಶಿರಸ್ತೇದಾರರು ಹೇಳಿದ ಗಿಡ್ಡ ರೂಪದಲ್ಲಿ. ಮುದ್ರಾಂಕಕ್ಕೆ ದಯವಿಟ್ಟು ಬೇರೆ ವಿಷಯ ಹಾಕಿ ಶುರುಮಾಡಿ.