ಅತ್ತೆಯ ಹಪ್ಪಳ, ಭಾವನ ರಸ್ತೆ

ನಮ್ಮ ಕೇರಿಯ ಕಾಂಕ್ರೀಟ್ ರಸ್ತೆಗೆ ವರ್ಷ ತುಂಬಿತು. ಶಿರಸಿ ಪೇಟೆ ದಾಟಿ, ಅಡಿಕೆ ತೋಟದ ಅಂಚಿಗೇ ಇಳಿದು, ಭಾವನ ಮನೆ ಅಂಗಳಕ್ಕೆ ಬಂದು ನಿಲ್ಲುವ ಸಣ್ಣ ರಸ್ತೆ. ಈಗ ಮೈತುಂಬ ಬಿರುಕು. ಆ ಬಿರುಕಿನ ಬಗ್ಗೆ ಅಭಿಪ್ರಾಯ ಇಲ್ಲದವರು ಕೇರಿಯಲ್ಲಿ ಇಬ್ಬರೇ. ಒಬ್ಬರು ಇನ್ನೂ ತೊಟ್ಟಿಲಲ್ಲಿದ್ದಾರೆ, ಇನ್ನೊಬ್ಬರಿಗೆ ಕಿವಿ ಕೇಳುವುದಿಲ್ಲ.

ಮೊನ್ನೆ ಭಾನುವಾರ ಭಾವನ ಜಗಲಿಯಲ್ಲಿ ಕವಳದ ಹರಿವಾಣದ ಸುತ್ತ ಸೇರಿದ್ದೆವು. ಭಾವ, ನಿವೃತ್ತ ಮಾಸ್ತರು, ಟೆಂಪೋ ಮಂಜ, ನಾನು. ಅಂಗಳದಲ್ಲಿ ಅತ್ತೆ ಕಾಗೆ ಓಡಿಸುವ ಕೋಲು ಹಿಡಿದು ಹಲಸಿನ ಹಪ್ಪಳ ಕಾಯುತ್ತಿದ್ದಳು. ಅವಳ ಮೊಮ್ಮಗ ಮಾಣಿ ರಜೆಗೆ ಬಂದಿದ್ದ. ಅವನು ಕಾಂಕ್ರೀಟ್ ರಸ್ತೆಯ ಮೇಲೆ ಸಂಶೋಧನೆ ಮಾಡುತ್ತಾನೆ. ಅತ್ತೆ ಇದನ್ನು ರಸ್ತೆಯ ಮೇಲೆ ನಿಂತು ಮಾಡುವ ಕೆಲಸ ಅಂತಲೇ ತಿಳಿದಿದ್ದಾಳೆ. "ಬಿಸಿಲಲ್ಲಿ ನಿಂತು ನಿಂತು ಮಾಣಿ ಕಪ್ಪಾಗಿ ಹೋಜ" ಅಂತ ಬಂದವರಿಗೆಲ್ಲ ಹೇಳುತ್ತಾಳೆ.

ಭಾವ ಸುಣ್ಣ ತೀಡುತ್ತ ತೀರ್ಪು ಕೊಟ್ಟ: "ಗುತ್ತಿಗೆದಾರ ಸಿಮೆಂಟ್ ತಿಂದಿದ್ದ. ಬೇರೆ ಎಂತೂ ಇಲ್ಲೆ."

"ತಿನ್ನೋಕೆ ಅದೇನು ತೊಡದೇವಾ?" ಅಂದ ಮಂಜ.

"ಸಿಮೆಂಟ್ ಸರಿಯಾಗಿ ಹಾಕಿದ್ರೂ ಬಿರಿಯುತ್ತೆ ಮಾವ," ಅಂದ ಮಾಣಿ. "ಬಿರಿಯೋದು ಕಾಂಕ್ರೀಟಿನ ಜಾತಿಗುಣ. ಎಲ್ಲಿ ಬಿರೀಬೇಕು ಅಂತ ನಾವು ಮೊದಲೇ ಹೇಳಿಕೊಡಬೇಕು, ಅಷ್ಟೇ. ಅಜ್ಜಿ ಕಾಯಿಬರ್ಫಿ ತಟ್ಟೆಗೆ ಸುರಿದು ಗೆರೆ ಎಳೀತಾಳಲ್ಲ, ಹಾಗೆ."

ಬರ್ಫಿ ಅಂದಿದ್ದಕ್ಕೆ ಅತ್ತೆಯ ಕಿವಿ ಈಚೆ ಬಂತು. "ಬಿಸಿ ಇದ್ದಾಗ ಎಳೆದ್ರೆ ಕೂಡಿಕೊಳ್ತು, ತಣಿದ ಮೇಲೆ ಎಳೆದ್ರೆ ಪುಡಿ."

"ಅದೇ! ಹಾಕಿದ ಕೆಲವು ಗಂಟೆಯೊಳಗೇ ಗರಗಸ ಆಡಿಸಿ, ದಪ್ಪದ ಮೂರರಲ್ಲೋ ನಾಲ್ಕರಲ್ಲೋ ಒಂದು ಪಾಲು ಆಳಕ್ಕೆ ಕೊಯ್ಯಬೇಕು. ಬೇಗ ಕೊಯ್ದರೆ ಅಂಚಿನ ಜಲ್ಲಿ ಕಿತ್ತು ಬರುತ್ತೆ. ತಡವಾದರೆ ರಸ್ತೆ ತಾನೇ ಗೆರೆ ಎಳ್ಕೊಳ್ಳುತ್ತೆ, ತನಗೆ ಬೇಕಾದ ಹಾಗೆ ಸೊಟ್ಟಕ್ಕೆ. ಹೆದ್ದಾರಿಯಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಗೆರೆ. ಇಲ್ಲಿ ಎಷ್ಟು ದೂರಕ್ಕೆ ಕೊಯ್ದಿದ್ರು?"

ನಾವು ಮುಖ ಮುಖ ನೋಡಿಕೊಂಡೆವು. ಕೊಯ್ದದ್ದನ್ನು ಕಂಡವರಿಲ್ಲ. ಅವತ್ತು ಗರಗಸದವನು ಬರಲಿಲ್ಲ, ಮೂರನೇ ದಿನ ಬಂದ. ಅಷ್ಟರಲ್ಲಿ ರಸ್ತೆ ತನ್ನ ಕೆಲಸ ತಾನೇ ಮುಗಿಸಿತ್ತು.

ಮಾಸ್ತರಿಗೆ ಲೆಕ್ಕ ಬೇಕು. ಬಿಸಿಲಿಗೆ ಎಷ್ಟು ಹಿಗ್ಗುತ್ತದೆ ಅಂತ ಕೇಳಿದರು. ಒಂದು ಡಿಗ್ರಿ ಏರಿದರೆ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಅಂದ ಮಾಣಿ. ಮಾಸ್ತರು ಅಡಿಕೆ ಹೋಳಿನಿಂದ ನೆಲದ ಮೇಲೆ ಬರೆದು, 100 ಮೀಟರ್ ರಸ್ತೆ 30 ಡಿಗ್ರಿಗೆ 3 ಸೆಂಟಿಮೀಟರ್ ಅಂತ ಘೋಷಿಸಿದರು. ಆಮೇಲೆ ಅದೇ ಹೋಳನ್ನು ಬಾಯಿಗೆ ಹಾಕಿಕೊಂಡರು.

"ಹೀಗೆ ತುಂಡು ತುಂಡಾದ ಮೇಲೆ ಒಂದಕ್ಕೊಂದು ಸಂಬಂಧ?"

"ಹೆದ್ದಾರಿಯಲ್ಲಿ ಅಡ್ಡಗೆರೆಗೆ ನುಣುಪಾದ ದುಂಡು ಸರಳು ಇಡ್ತಾರೆ, ಡೋವೆಲ್ ಅಂತ. ಅದರ ಒಂದು ಭಾಗ ಕಾಂಕ್ರೀಟಿಗೆ ಅಂಟದ ಹಾಗೆ ಮಾಡಿರ್ತಾರೆ. ಆ ಕಡೆಯ ತುಂಡಿನ ಮೇಲೆ ಚಕ್ರ ಬಂದ್ರೆ ಈ ಕಡೆಯದೂ ಭಾರ ಹೊರುತ್ತೆ, ಆದ್ರೆ ಹಿಗ್ಗೋದಕ್ಕೆ ಕುಗ್ಗೋದಕ್ಕೆ ಅಡ್ಡಿ ಇಲ್ಲ."

"ಹಿಸೆ ಆದ ಅಣ್ಣತಮ್ಮ," ಅಂದ ಭಾವ ತಕ್ಷಣ. "ತೋಟ ಬೇರೆ, ಒಲೆ ಬೇರೆ. ಮದುವೆ ಮನೇಲಿ ಮಾತ್ರ ಇಬ್ಬರೂ ಬಡಿಸ್ತ."

"ಉದ್ದದ ಗೆರೆಗೆ ಇಡೋದು ಟೈ ಬಾರ್, ಮೈಯೆಲ್ಲ ಏಣು ಇರೋದು. ಅದು ಎರಡೂ ಕಡೆ ಕಚ್ಚಿ ಹಿಡಿಯುತ್ತೆ, ಅಗಲೋಕೆ ಬಿಡೋದಿಲ್ಲ."

"ಅದು ಆಯಿ," ಅಂದ ಭಾವ, ಅಂಗಳದ ಕಡೆ ನೋಡದೆ.

ನಮ್ಮಂಥ ತೆಳು ರಸ್ತೆಗೆ ಡೋವೆಲ್ ಹಾಕುವ ಪದ್ಧತಿ ಇಲ್ಲವಂತೆ. ಬಿರಿದ ಸಂದಿನಲ್ಲಿ ಜಲ್ಲಿ ಜಲ್ಲಿಗೆ ಹಲ್ಲು ಕಚ್ಚಿಕೊಂಡೇ ಭಾರ ಹಂಚಿಕೊಳ್ಳಬೇಕು. ನಮ್ಮ ಕೇರಿಯ ಸಂಬಂಧಗಳೂ ಹಾಗೇ, ಹೆಚ್ಚು ಬಿಡಿಸಿ ಹೇಳುವುದಿಲ್ಲ.

ಅಷ್ಟರಲ್ಲಿ ಅತ್ತೆ ಗೊಣಗತೊಡಗಿದಳು. ಬೆಳಿಗ್ಗೆ ಹರಡಿದ ಹಪ್ಪಳದ ಅಂಚು ಆಗಲೇ ಎದ್ದಿತ್ತು. ಮಾಣಿ ಜಿಗಿದು ಹೋಗಿ ಒಂದನ್ನು ಎತ್ತಿಕೊಂಡು ಬಂದ. ಅವನ ಮುಖ ನೋಡಿದರೆ ಚಿನ್ನ ಸಿಕ್ಕಿದ ಹಾಗಿತ್ತು.

"ನೋಡಿ! ಮೇಲ್ಮೈ ಮೊದಲು ಒಣಗಿ ಕುಗ್ಗಿತು, ತಳ ಇನ್ನೂ ಹಸಿ. ಅಂಚು ಮೇಲೆದ್ದಿತು. ರಸ್ತೆಯ ಹಲಗೆಯೂ, ಅಂದ್ರೆ ಗೆರೆ ಗೆರೆಯ ನಡುವಿನ ಒಂದೊಂದು ತುಂಡೂ, ಹೀಗೇ. ರಾತ್ರಿ ಮೇಲ್ಮೈ ತಣಿದು ಕುಗ್ಗಿದರೆ ಮೂಲೆಗಳು ಏಳುತ್ತವೆ, ಅಡಿಗೆ ಆಧಾರ ಇಲ್ಲ. ಆಗ ಮೂಲೆ ಮೇಲೆ ಚಕ್ರ ಬಂದ್ರೆ ಬಿರುಕು ಮೇಲಿಂದ ಶುರು. ಮಧ್ಯಾಹ್ನ ತಿರುಗು ಮುರುಗು, ನಡು ಉಬ್ಬಿ ನಿಂತಿರುತ್ತೆ, ಆಗ ಭಾರ ಬಿದ್ರೆ ಬಿರುಕು ತಳದಿಂದ ಹತ್ತಿ ಬರುತ್ತೆ. 40ರ ಕಾಂಕ್ರೀಟ್ ಅಂತಾರಲ್ಲ, ಅದು ಒತ್ತಿದ್ರೆ ಚದರ ಮಿಲಿಮೀಟರಿಗೆ 40 ನ್ಯೂಟನ್ ತಾಳೋ ಲೆಕ್ಕ. ಬಗ್ಗಿಸಿದ್ರೆ ಅದೇ ಕಾಂಕ್ರೀಟು ನಾಲ್ಕೂವರೆಯ ಹತ್ತಿರಕ್ಕೇ ಸೋಲುತ್ತೆ. ನಡು, ಅಂಚು, ಮೂಲೆ ಮೂರೂ ಕಡೆ ಎಷ್ಟು ಒತ್ತಡ ಅಂತ ವೆಸ್ಟರ್‌ಗಾರ್ಡ್ ಅನ್ನೋ ಡೆನ್ಮಾರ್ಕ್ ಮೂಲದವರು 1926ರಲ್ಲೇ ಸೂತ್ರ ಬರೆದಿಟ್ಟಿದ್ದಾರೆ."

"ಮೂಲೆ ಏಳ್ತು ಹೇಳಿ ಆನು ಐವತ್ತು ವರ್ಷದಿಂದ ಹೇಳ್ತಾ ಇದ್ದಿ," ಅಂದಳು ಅತ್ತೆ. "ಯಾರೂ ಬರ್ಕಂಡಿದ್ವಿಲ್ಲೆ." ಹಪ್ಪಳ ವಾಪಸ್ ಇಸಕೊಂಡು, ಮಗುಚಿ ಹಾಕಿದಳು. ರಸ್ತೆಗೆ ಆ ಸೌಲಭ್ಯ ಇಲ್ಲ.

"ಹೋಗ್ಲಿ, ಮಳೆಗಾಲದಲ್ಲಿ ಸಂದಿನಿಂದ ಕೆಸರು ಚಿಮ್ಮುತ್ತಿತ್ತಲ್ಲ, ಅದೆಂತದು?" ಮಂಜನ ಪ್ರಶ್ನೆ. ಅವನ ಟೆಂಪೋಗೆ ಎರಡು ಸಲ ಬಣ್ಣ ಹೋಗಿತ್ತು.

ಇದಕ್ಕೆ ಮಾಣಿ ಉಪಮೆ ಹುಡುಕಬೇಕಾಗಲಿಲ್ಲ. ತೋಟದಲ್ಲಿ ಅಲುಗಾಡುವ ಕಲ್ಲಿನ ಮೇಲೆ ಕಾಲಿಟ್ಟು ಪಂಚೆ ತುಂಬ ಕೆಂಪು ಚಿತ್ತಾರ ಮಾಡಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಹಲಗೆಯ ಅಡಿ ನೀರು ನಿಲ್ಲುತ್ತದೆ, ಚಕ್ರ ಒತ್ತಿದಾಗ ಮಣ್ಣನ್ನೂ ಎತ್ತಿಕೊಂಡು ಹೊರಗೆ ಹಾರುತ್ತದೆ. ಪ್ರತಿ ಸಲ ಒಂದು ಚಮಚ ಮಣ್ಣು ಖಾಲಿ. ಕೊನೆಗೆ ಹಲಗೆ ಗಾಳಿಯ ಮೇಲೆ ನಿಂತಿರುತ್ತದೆ. ಸಿಮೆಂಟ್ ಎಷ್ಟು ಹಾಕಿದರೂ ತಳ ಹೋದ ಮೇಲೆ ಏನೂ ಉಳಿಯುವುದಿಲ್ಲ. ಅದಕ್ಕೇ ಹೆದ್ದಾರಿಯ ಹಲಗೆಯ ಕೆಳಗೆ ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟಿನ ಇನ್ನೊಂದು ಹಾಸು ಹಾಕುತ್ತಾರೆ, 150 ಮಿಲಿಮೀಟರಿನದು.

"ಚರಂಡಿ ಸರಿ ಇದ್ದಿದ್ರೆ ನೀರು ಅಡಿಗೆ ಹೋಗ್ತಿರಲಿಲ್ಲ," ಅಂದ ಮಾಣಿ. "ಅಡಿಕೆ ಸಿಪ್ಪೆ ತುಂಬಿ ಕಟ್ಟಿಕೊಂಡಿದೆ."

ಮಾಸ್ತರು ಇದ್ದಕ್ಕಿದ್ದಂತೆ ಕವಳ ಉಗುಳಲು ಎದ್ದು ಹೋದರು. ಸಿಪ್ಪೆ ಯಾರದ್ದು ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಮತ್ತೆ ನೀರುಣಿಸಿದ್ದು? ಹಸಿ ಗೋಣಿ ಹೊದೆಸಿ ಕನಿಷ್ಠ ಎರಡು ವಾರ ಒದ್ದೆ ಇಡಬೇಕಿತ್ತಲ್ಲ."

"ಗೋಣಿ ಹೊದೆಸಿದ್ರು," ಅಂದ ಮಂಜ. "ಮೂರೇ ದಿನಕ್ಕೆ ಮಾಯ ಆದ್ವು."

ಇಲ್ಲಿ ನಾನು ಮಾತು ಬೇರೆ ಕಡೆ ತಿರುಗಿಸಿದೆ. ಒಳ್ಳೇ ಗೋಣಿಗಳು, ನಮ್ಮ ಚಾಲಿ ಅಡಿಕೆ ಈಗಲೂ ಅದರಲ್ಲೇ ಇದೆ.

ತಿರುಗಿಸಿದ್ದು ನೇರ ಭಾವನ ಕೊರಳಿಗೆ ಹೋಯಿತು. ರಸ್ತೆಗೆ ಮೊದಲು ಬಂದ ಗಾಡಿ ಯಾವುದು ಅಂತ ಕೇಳಿಬಿಟ್ಟೆ. ಮಂಜ ಮಿಸುಕದೆ ಹೇಳಿದ: "ಭಾವನ ಕೊಟ್ಟಿಗೆಗೆ ಚಿರೇಕಲ್ಲಿನ ಲಾರಿ. ರಸ್ತೆ ಹಾಕಿ ಒಂಬತ್ತನೇ ದಿನ."

"ಒಣಗಿತ್ತು!" ಅಂದ ಭಾವ.

"ಮಾವ, ಅದು ಒಣಗೋದಲ್ಲ, ಬಲಿಯೋದು. ವಾರಕ್ಕೆ ಮೂರರಲ್ಲಿ ಎರಡು ಪಾಲು ಬಲ ಬರುತ್ತೆ. 28 ದಿನಕ್ಕೆ ಲೆಕ್ಕದ ಬಲ." ಆಮೇಲೆ ಅಮೆರಿಕದ ಇಲಿನಾಯ್‌ನ ಕಥೆ ಬಂತು. 1958ರಿಂದ 1960ರ ತನಕ ಒಟ್ಟಾವ ಅನ್ನೋ ಊರ ಹತ್ತಿರ ಬಗೆಬಗೆಯ ರಸ್ತೆ ಹಾಕಿ, ಸೈನಿಕರಿಂದ ಲಾರಿ ಓಡಿಸಿ ಓಡಿಸಿ, ಯಾವುದು ಎಷ್ಟಕ್ಕೆ ಹಾಳಾಗುತ್ತದೆ ಅಂತ ನೋಡಿದರಂತೆ.

"ಡೀಸೆಲ್ ಯಾರದ್ದು?" ಮಂಜನಿಗೆ ಅಲ್ಲೇ ಸಿಕ್ಕಿಬಿತ್ತು. ಸರ್ಕಾರದ್ದು ಅಂದಮೇಲೆ ಐದು ನಿಮಿಷ ಅವನು ಬೇರೆ ಲೋಕದಲ್ಲಿದ್ದ.

ಅಲ್ಲಿ ಸಿಕ್ಕಿದ ಲೆಕ್ಕ ಇಷ್ಟು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು. ನಾಲ್ಕನೇ ಘಾತ. ಬಾಯಿ ತೊಳೆದುಕೊಂಡು ಬಂದ ಮಾಸ್ತರು ಕಳೆದ ಮರ್ಯಾದೆ ಗಳಿಸಿಕೊಳ್ಳುವವರ ಹಾಗೆ ಲೆಕ್ಕಕ್ಕೆ ಕೂತರು. ಕಾರಿನ ಅಚ್ಚಿಗೆ ಅರ್ಧ ಟನ್, ಲಾರಿಯ ಅಚ್ಚಿಗೆ 10 ಟನ್, 20 ಪಟ್ಟು. ಇಪ್ಪತ್ತನ್ನು ನಾಲ್ಕು ಸಲ ಗುಣಿಸಿ... "1,60,000! ಆ ಅಚ್ಚು ಒಂದು ಸಲ ದಾಟಿದ್ದೂ ಕಾರಿನ ಅಚ್ಚು ಅಷ್ಟು ಸಲ ದಾಟಿದ್ದೂ ಒಂದೇ!"

ಭಾವ ತುಂಬ ಹೊತ್ತು ಮಾತಾಡಲಿಲ್ಲ. ಕವಳವನ್ನೂ ಹಾಕಲಿಲ್ಲ, ಇದು ಗಂಭೀರ ಲಕ್ಷಣ.

ಆಗಲೇ ತಿರುವಿನಲ್ಲಿ ಹಾರ್ನ್ ಕೇಳಿತು. ಭಾವನ ತೋಟಕ್ಕೆ ಗೊಬ್ಬರದ ಲಾರಿ, ತುಂಬಿ ಚೆಲ್ಲುವ ಹಾಗೆ. ಭಾವ ದಡಬಡಿಸಿ ಎದ್ದು ಓಡಿ ಕೈ ಅಡ್ಡ ಹಿಡಿದ.

"ಅರ್ಧ ಇಲ್ಲೇ ಇಳಿಸು, ಎರಡು ಸಲ ತಗಂಬಾ!"

"ಹಾನಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ," ಮಾಸ್ತರು ಜಗಲಿಯಿಂದಲೇ ಕೂಗಿದರು. ಲಾರಿಯ ಸ್ವಂತ ತೂಕ ಬಿಟ್ಟು ಅಂತ ಮಾಣಿ ಮೆಲ್ಲಗೆ ತಿದ್ದಿದ.

ಡ್ರೈವರ್ ತಲೆ ಹೊರಗೆ ಹಾಕಿ ಹೇಳಿದ, "ಎರಡು ಸಲ ಆದ್ರೆ ಬಾಡಿಗೆಯೂ ಎರಡು."

ಭಾವ ರಸ್ತೆ ನೋಡಿದ. ಲಾರಿ ನೋಡಿದ. ನಮ್ಮನ್ನು ನೋಡಲಿಲ್ಲ.

"ಬಾ ಬಾ," ಅಂದ, ಪಕ್ಕಕ್ಕೆ ಸರಿದು. "ಬಿರಿದಿದ್ದು ಇನ್ನೆಂತ ಬಿರಿತು."